ಎಡಗಿವಿಯ ಓಲೆಯ ಒಂದು ಹರಳು

ಕಳೆದ ಸಂಚಿಕೆಯ ಅಂಕಣದಲ್ಲಿ ತೂಕದ ತಕ್ಕಡಿಯ ವಿಷಯ ಬರೆದಿದ್ದೆ. ಅದನ್ನೋದಿದ ಜತ್ತ ಭಾಗದ ಸಹೋದರಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ: “ಅಮೆರಿಕನ್ ಡೈಮಂಡಿಗೂ ನಿಜವಾದ ವಜ್ರಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ತಿಳಿಯುವ ಬಗೆ ಏನಾದರೂ ಇದೆಯೆ? ಅಂಗಡಿಯವರು ಪೆನ್ನಿನಂಥ ಒಂದು ಯಂತ್ರ ಮುಟ್ಟಿಸಿ ಹೇಳಿಬಿಡುತ್ತಾರೆ. ಅದನ್ನು ನಂಬಬಹುದೆ?”

ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ನಮ್ಮ ಮನೆಯೊಳಗೇ ಬಂದು, ಒಬ್ಬ ಮುದುಕರ ಮಾನ ಹೋಗುವ ಹಂತಕ್ಕೆ ಮುಟ್ಟಿತ್ತು. ಆ ಪ್ರಸಂಗವನ್ನು ಹೇಳಿಯೇ ಉತ್ತರ ಕೊಡುತ್ತೇನೆ. ನಡುವೆ ಸ್ವಲ್ಪ ರಸಾಯನಶಾಸ್ತ್ರ ಬರುತ್ತದೆ. ಮೂವತ್ತು ವರ್ಷ ಆ ಪಾಠ ಹೇಳಿದವನಿಗೆ ಅದು ತಪ್ಪಿದ್ದಲ್ಲ. ಓದುಗರು ಸಹಿಸಿಕೊಳ್ಳಬೇಕು.

ನಮ್ಮ ಅಕ್ಕನನ್ನು ಕೊಟ್ಟಿರುವುದು ರಾಯದುರ್ಗಕ್ಕೆ. ಭಾವನವರದು ತಂದೆಯ ಕಾಲದಿಂದ ಬಂದ ಜವಳಿ ಅಂಗಡಿ. 2023ರ ಬೇಸಿಗೆಯಲ್ಲಿ ಅಂಗಡಿಯ ಮೇಲಿನ ಸಾಲ ತೀರಿಸಲೆಂದು ಅಕ್ಕ ತನ್ನ ಅತ್ತೆಯವರಿಂದ ಬಂದಿದ್ದ ಏಳು ಹರಳಿನ ಬೆಂಡೋಲೆ ಮಾರಲು ಮನಸ್ಸು ಮಾಡಿದಳು. 1941ರಲ್ಲಿ ಅತ್ತೆಯವರ ಮದುವೆಗೆ ಮಾಡಿಸಿದ್ದು. ಹಿಂಬದಿಗೆ ತಗಡು ಮುಚ್ಚಿದ ಹಳೆಯ ಕಾಲದ ಕಟ್ಟು. ಎರಡೂ ಕಿವಿಯದು ಸೇರಿ ಹದಿನಾಲ್ಕು ಹರಳು. ಬಳ್ಳಾರಿಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವರು ಪೆನ್ನಿನ ಯಂತ್ರವನ್ನು ಒಂದೊಂದು ಹರಳಿಗೂ ಮುಟ್ಟಿಸಿದರು. ಹದಿಮೂರಕ್ಕೆ ಯಂತ್ರ ಕೂಗಿತು. ಎಡಗಿವಿಯ ಓಲೆಯಲ್ಲಿ ಒಂದು ಹರಳಿಗೆ ಮಾತ್ರ ಕೂಗಲಿಲ್ಲ. ಎರಡು ಸಲ, ಮೂರು ಸಲ ಮುಟ್ಟಿಸಿದರೂ ಇಲ್ಲ. “ಇದೊಂದು ಜರ್ಕನ್ ಹಾಕಿದ್ದಾರಮ್ಮ. ರಿಪೇರಿಗೆ ಎಲ್ಲಿ ಕೊಟ್ಟಿದ್ದಿರಿ?” ಎಂದರು.

ಆ ಕೊನೆಯ ಮಾತೇ ಕಿಡಿಯಾಯಿತು. ಬೆಂಡೋಲೆಯನ್ನು ಒಮ್ಮೆ, 1996ರಲ್ಲಿ, ರಿಪೇರಿಗೆ ಕೊಟ್ಟದ್ದುಂಟು. ಕೊಟ್ಟದ್ದು ಊರಿನ ಪತ್ತಾರರಿಗೆ. ಅವರ ತಂದೆಯೂ ಭಾವನವರ ಮನೆಗೇ ಕೆಲಸ ಮಾಡಿದವರು. ಓಲೆ ಎರಡು ದಿನ ಅವರಲ್ಲಿತ್ತು. ಅಷ್ಟು ಸಾಕಾಯಿತು. “ಎರಡು ದಿನ ಯಾಕೆ ಇಟ್ಟುಕೊಂಡ?” ಎಂದು ಭಾವನವರು ಇಪ್ಪತ್ತೇಳು ವರ್ಷದ ಮೇಲೆ ಕೇಳತೊಡಗಿದರು. ಪತ್ತಾರರಿಗೆ ಆಗಲೇ ಎಂಬತ್ತು ದಾಟಿತ್ತು. ಅವರ ಮಗ ಅದೇ ಬಜಾರಿನಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾನೆ. ಇಂಥ ಮಾತು ಬಜಾರಿಗೆ ಬಿದ್ದರೆ ಆ ಅಂಗಡಿಯ ಗತಿ ಏನಾಗುತ್ತದೆಂಬುದನ್ನು ವ್ಯಾಪಾರಸ್ಥರ ಮನೆಯ ಓದುಗರಿಗೆ ನಾನು ಹೇಳಬೇಕಿಲ್ಲ. ಭಾವನವರು, “ಹಿರಿಯರ ಎದುರಿಗೆ ಕೂಡಿಸಿ ಕೇಳಿಯೇ ಬಿಡೋಣ” ಎಂದು ಹೊರಟಿದ್ದರು. ಅಕ್ಕ ನನಗೆ ಫೋನು ಮಾಡಿ, “ತಮ್ಮಾ, ಕೆಮಿಸ್ಟ್ರಿ ಮೇಷ್ಟ್ರು ನೀನು, ನೀನೊಂದು ಸಲ ನೋಡು. ಆಮೇಲೆ ಬೇಕಾದರೆ ಕೇಳಲಿ” ಎಂದಳು. ನಾನು ಆದೋನಿಯಿಂದ ಹೊರಟು ಬರುವವರೆಗೆ ಯಾರೂ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡೆ.

ಮೊದಲು ಆ ಪೆನ್ನಿನ ಯಂತ್ರದ ವಿಷಯ. ಅದು ನೋಡುವುದು ಹೊಳಪನ್ನಲ್ಲ, ಶಾಖವನ್ನು. ವಜ್ರ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಕಾದ ಮೊನೆಯನ್ನು ಮುಟ್ಟಿಸಿದಾಗ ಶಾಖ ಬೇಗ ಹರಿದು ಹೋದರೆ ಯಂತ್ರ ಕೂಗುತ್ತದೆ. ವಜ್ರದ ಮೇಲೆ ಬಾಯಿಯ ಆವಿ ಬಿಟ್ಟರೆ ಮಸುಕು ಕ್ಷಣದಲ್ಲಿ ಮಾಯವಾಗುವುದಕ್ಕೂ ಕಾರಣ ಇದೇ. ಆದರೆ 1998ರ ಸುಮಾರಿಗೆ ಮಾರುಕಟ್ಟೆಗೆ ಬಂದ ಮೊಯ್ಸನೈಟ್ ಎಂಬ ಹರಳು ಕೂಡ ಶಾಖವನ್ನು ಚೆನ್ನಾಗಿ ಸಾಗಿಸುವುದರಿಂದ ಈ ಯಂತ್ರಕ್ಕೆ ಮೋಸ ಮಾಡುತ್ತದೆ. ಯಂತ್ರ ಕೂಗದಿದ್ದರೆ ವಜ್ರವಲ್ಲ ಎನ್ನಬಹುದು. ಕೂಗಿತೆಂದು ವಜ್ರವೇ ಎನ್ನಲಾಗದು. ಮತ್ತು ಕೂಗದೆ ಇದ್ದ ಹರಳು ಇಂಥದ್ದೇ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ನಮ್ಮ ಮನೆಯ ತಕರಾರಿಗೆ ಬೇಕಾದದ್ದು ಆ ಕೊನೆಯ ಉತ್ತರವೇ: ವಜ್ರವಲ್ಲ, ಸರಿ, ಹಾಗಾದರೆ ಏನು?

ಅದನ್ನು ಹೇಳಬಲ್ಲದ್ದು ಬೆಳಕು. ಬೆಳಕು ಹರಳಿನೊಳಗೆ ಹೋದಾಗ ಅಲ್ಲಿನ ಪರಮಾಣುಗಳು ಹೇಗೆ ವರ್ತಿಸುತ್ತವೆ ಎಂಬುದು ಒಂದೊಂದು ಹರಳಿಗೆ ಒಂದೊಂದು ಬಗೆ. ಆ ವರ್ತನೆಯ ಮೂಲದಲ್ಲಿರುವ ಗುಣಕ್ಕೆ ವಿಜ್ಞಾನಿಗಳು ಪೋಲರೈಸಬಿಲಿಟಿ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಧ್ರುವೀಕರಣಶೀಲತೆ ಎಂಬ ಉದ್ದದ ಪದವಿದೆ. ಅದನ್ನು ಹೇಳಿದರೆ ಹುಡುಗರು ಕಣ್ಣು ಮುಚ್ಚುತ್ತಿದ್ದರು. ಅದಕ್ಕೇ ನಾನು ತರಗತಿಯಲ್ಲಿ ‘ವಾಲುಗುಣ’ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಆದೋನಿಯ ಹತ್ತಿ ಮಾರುಕಟ್ಟೆ ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಪ್ರೆಸ್ಸಿನಲ್ಲಿ ಒತ್ತಿ ಪಟ್ಟಿ ಬಿಗಿದ ಹತ್ತಿಯ ಬೇಲನ್ನು ಕೈಯಿಂದ ದೂಡಿ ನೋಡಿ, ಒಂದಿಷ್ಟೂ ತಗ್ಗುವುದಿಲ್ಲ. ಅದೇ ಹತ್ತಿಯನ್ನು ಸಡಿಲವಾಗಿ ತುಂಬಿದ ಚೀಲಕ್ಕೆ ಕೈ ಒತ್ತಿದರೆ ಮೊಣಕೈವರೆಗೆ ಒಳಗೆ ಹೋಗುತ್ತದೆ, ಚೀಲ ಒಂದು ಕಡೆಗೆ ವಾಲುತ್ತದೆ. ಪರಮಾಣುಗಳೂ ಹೀಗೆಯೇ. ನಡುವೆ ಧನ ವಿದ್ಯುತ್ತಿನ ನ್ಯೂಕ್ಲಿಯಸ್, ಸುತ್ತಲೂ ಋಣ ವಿದ್ಯುತ್ತಿನ ಇಲೆಕ್ಟ್ರಾನುಗಳ ಮೋಡ. ಹೊರಗಿನಿಂದ ವಿದ್ಯುತ್ತಿನ ಸೆಳೆತ ಬಂದರೆ ಮೋಡ ಒಂದು ಕಡೆಗೆ ಸರಿಯುತ್ತದೆ. ಎಷ್ಟು ಸುಲಭವಾಗಿ ಸರಿಯುತ್ತದೆ ಎಂಬ ಅಳತೆಯೇ ವಾಲುಗುಣ. ಹೀಲಿಯಂ ಬಿಗಿದ ಬೇಲು. ಅದೇ ಕುಟುಂಬದ ಝೆನಾನ್ ಸಡಿಲ ಚೀಲ. ಝೆನಾನಿನ ವಾಲುಗುಣ ಹೀಲಿಯಂನದಕ್ಕಿಂತ ಸುಮಾರು ಇಪ್ಪತ್ತು ಪಟ್ಟು.

ಇದರಿಂದ ಏನಾಗುತ್ತದೆ? ಪಕ್ಕಪಕ್ಕದಲ್ಲಿರುವ ಎರಡು ಪರಮಾಣುಗಳಲ್ಲಿ ಒಂದರ ಮೋಡ ಕ್ಷಣಕಾಲ ಒಂದು ಕಡೆ ಸರಿದರೆ, ಅದರ ಸೆಳೆತಕ್ಕೆ ಪಕ್ಕದ್ದರ ಮೋಡವೂ ಸರಿಯುತ್ತದೆ. ಹೀಗೆ ಒಂದನ್ನೊಂದು ಎಳೆದುಕೊಳ್ಳುತ್ತವೆ. ವಾಲುಗುಣ ಹೆಚ್ಚಿದ್ದಷ್ಟೂ ಎಳೆತ ಹೆಚ್ಚು. 1930ರಲ್ಲಿ ಫ್ರಿಟ್ಸ್ ಲಂಡನ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೆ ಲೆಕ್ಕ ಹಾಕಿಕೊಟ್ಟರು. ಹೀಲಿಯಂ ದ್ರವವಾಗಬೇಕಾದರೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಬೇಕು, ಝೆನಾನಿಗೆ 108 ಡಿಗ್ರಿ ಕೆಳಗೆ ತಣಿಸಿದರೆ ಸಾಕು. ಅಡುಗೆಮನೆಯಲ್ಲೇ ಉದಾಹರಣೆ ಬೇಕೆಂದರೆ ಅಡುಗೆ ಅನಿಲ, ಪೆಟ್ರೋಲು, ಸೀಮೆಎಣ್ಣೆ, ಮೇಣದ ಬತ್ತಿ ಇವನ್ನು ಸಾಲಾಗಿ ಇಟ್ಟು ನೋಡಿ. ನಾಲ್ಕೂ ಇಂಗಾಲ ಮತ್ತು ಜಲಜನಕದಿಂದಲೇ ಆದ ಒಂದೇ ಮನೆತನದವು. ಅಣು ಉದ್ದವಾದಂತೆ ಅದರ ವಾಲುಗುಣ ಹೆಚ್ಚುತ್ತದೆ, ಅಣುಗಳು ಒಂದಕ್ಕೊಂದು ಹೆಚ್ಚು ಅಂಟಿಕೊಳ್ಳುತ್ತವೆ. ಅದಕ್ಕೇ ಮೊದಲನೆಯದು ಅನಿಲ, ಮಧ್ಯದ ಎರಡು ದ್ರವ, ಕೊನೆಯದು ಕೈಯಲ್ಲಿ ಹಿಡಿಯುವಂಥ ಗಟ್ಟಿ. ಇದು ಇಷ್ಟಕ್ಕೇ ಸಾಕು, ನಮ್ಮ ಕೆಲಸ ಹರಳಿನದು.

ಬೆಳಕು ಎಂದರೆ ಓಲಾಡುವ ವಿದ್ಯುತ್ತಿನ ಮತ್ತು ಅಯಸ್ಕಾಂತದ ಸೆಳೆತ. ಅದು ಹರಳನ್ನು ಹೊಕ್ಕಾಗ ಅಲ್ಲಿನ ಇಲೆಕ್ಟ್ರಾನ್ ಮೋಡಗಳನ್ನು ಅತ್ತಿತ್ತ ಓಲಾಡಿಸುತ್ತದೆ. ಓಲಾಡುವ ಮೋಡಗಳು ತಾವೂ ಬೆಳಕನ್ನು ಬಿಡುತ್ತವೆ, ಸ್ವಲ್ಪ ಹಿಂದುಳಿದು. ಎಲ್ಲ ಸೇರಿ ಒಟ್ಟು ಬೆಳಕಿನ ನಡಿಗೆ ನಿಧಾನವಾಗುತ್ತದೆ. ಖಾಲಿ ಜಾಗದಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ವಜ್ರದೊಳಗೆ ಸುಮಾರು 1 ಲಕ್ಷ 24 ಸಾವಿರ ಕಿಲೋಮೀಟರಿಗೆ ಇಳಿಯುತ್ತದೆ. ಎಷ್ಟು ಪಟ್ಟು ನಿಧಾನವಾಯಿತು ಎಂಬ ಅಂಕಿಗೆ ವಕ್ರೀಭವನ ಸೂಚ್ಯಂಕ ಎಂದು ಹೆಸರು. ನೀರಿಗೆ 1.33, ಸಾಮಾನ್ಯ ಗಾಜಿಗೆ 1.5ರ ಸುಮಾರು, ವಜ್ರಕ್ಕೆ 2.42. ಈ ಅಂಕಿ ದೊಡ್ಡದಿದ್ದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಸರಿಯಾಗಿ ಸಾಣೆ ಹಿಡಿದ ಹರಳಿನ ತಳದಿಂದ ಹೊರಗೆ ಸೋರಿಹೋಗದೆ ಒಳಗೊಳಗೇ ಪುಟಿದು ಮೇಲಕ್ಕೇ ಬಂದು ಕಣ್ಣಿಗೆ ಹೊಡೆಯುತ್ತದೆ. ವಾಲುಗುಣಕ್ಕೂ ಈ ಅಂಕಿಗೂ ಇರುವ ಲೆಕ್ಕವನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಒಬ್ಬರು ಡೆನ್ಮಾರ್ಕಿನ ಲೊರೆಂಝ್, ಇನ್ನೊಬ್ಬರು ಹಾಲೆಂಡಿನ ಲೊರೆಂಟ್ಸ್. ಹೆಸರುಗಳು ಅಣ್ಣತಮ್ಮಂದಿರ ಹಾಗಿದ್ದರೂ ಸಂಬಂಧಿಕರಲ್ಲ. ಪರೀಕ್ಷೆಯಲ್ಲಿ ಹುಡುಗರು ಇವರನ್ನು ಒಂದುಗೂಡಿಸದ ವರ್ಷವಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಇಂಗಾಲದ ಪರಮಾಣು ಸಡಿಲ ಚೀಲವೇನಲ್ಲ, ಬಿಗಿಯಾದದ್ದೇ. ಹಾಗಿದ್ದರೂ ವಜ್ರಕ್ಕೆ ಇಷ್ಟು ದೊಡ್ಡ ಅಂಕಿ ಹೇಗೆ? ಲೊರೆಂಝ್ ಲೊರೆಂಟ್ಸ್ ಲೆಕ್ಕದಲ್ಲಿ ಒಂದೊಂದು ಪರಮಾಣು ಎಷ್ಟು ವಾಲುತ್ತದೆ ಎಂಬುದರ ಜೊತೆಗೆ ಅಷ್ಟು ಜಾಗದಲ್ಲಿ ಎಷ್ಟು ಪರಮಾಣುಗಳಿವೆ ಎಂಬುದೂ ಬರುತ್ತದೆ. ಒಂದು ಘನ ಸೆಂಟಿಮೀಟರ್ ವಜ್ರದಲ್ಲಿ ಸುಮಾರು 176 ಕೋಟಿ ಕೋಟಿ ಕೋಟಿ ಪರಮಾಣುಗಳಿವೆ. ಸಾಮಾನ್ಯ ಒತ್ತಡದಲ್ಲಿ ಇಷ್ಟು ಕಿಕ್ಕಿರಿದು ಕೂತ ಪರಮಾಣುಗಳನ್ನು ಬೇರೆ ವಸ್ತುವಿನಲ್ಲಿ ಕಾಣುವುದು ಕಷ್ಟ. ಒಂದೊಂದು ಗಿರಾಕಿಯಲ್ಲಿ ಲಾಭ ಸ್ವಲ್ಪವೇ, ಗಿರಾಕಿಗಳೇ ಅಸಂಖ್ಯ ಎಂಬಂಥ ವ್ಯಾಪಾರ ವಜ್ರದ್ದು. ಇದಕ್ಕೆ ವಿರುದ್ಧವಾದದ್ದು ಸೀಸದ ಗಾಜು. 1674ರಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬಾತ ಗಾಜಿಗೆ ಸೀಸ ಬೆರೆಸಿ ಹೊಳಪು ತರುವ ವಿದ್ಯೆಗೆ ಪೇಟೆಂಟು ಪಡೆದ. ಸೀಸ ತುಂಬ ಸಡಿಲ ಚೀಲ. ಅಲ್ಲಿ ಪರಮಾಣುಗಳ ಸಂಖ್ಯೆ ಕಡಿಮೆಯಾದರೂ ಒಂದೊಂದೂ ಹೆಚ್ಚು ವಾಲುವುದರಿಂದ ಗಾಜಿಗೆ ವಜ್ರದ ನೆರಳಿನಂಥ ಹೊಳಪು ಬರುತ್ತದೆ. ಹಳೆಯ ಕಾಲದ ನಕಲಿ ಹರಳುಗಳಲ್ಲಿ ಬಹಳಷ್ಟು ಈ ಜಾತಿಯವು.

ವಜ್ರ ಇಂಗಾಲವೆಂದು ತಿಳಿಯುವ ಎಷ್ಟೋ ಮೊದಲೇ ನ್ಯೂಟನ್ನರು ಬೆಳಕು ಬಾಗುವುದನ್ನು ಅಳೆದು, 1704ರಲ್ಲಿ ಪ್ರಕಟವಾದ ತಮ್ಮ ‘ಆಪ್ಟಿಕ್ಸ್’ ಗ್ರಂಥದಲ್ಲಿ ವಜ್ರ ಎಣ್ಣೆಯಂಥ ಉರಿಯುವ ಪದಾರ್ಥ ಹೆಪ್ಪುಗಟ್ಟಿ ಆದದ್ದಿರಬೇಕೆಂದು ಊಹಿಸಿದ್ದರು. ಉರಿಯುವ ಎಣ್ಣೆಗಳೆಲ್ಲ ತಮ್ಮ ತೂಕಕ್ಕೆ ಮೀರಿ ಬೆಳಕನ್ನು ಬಾಗಿಸುವುದನ್ನು ಅವರು ಗಮನಿಸಿದ್ದರು, ವಜ್ರವೂ ಆ ಸಾಲಿಗೇ ಬಿತ್ತು. 1797ರಲ್ಲಿ ಸ್ಮಿತ್ಸನ್ ಟೆನೆಂಟ್ ಎಂಬವರು ವಜ್ರವನ್ನು ಸುಟ್ಟು ಅದು ಬರೀ ಇಂಗಾಲವೆಂದು ತೋರಿಸಿಕೊಟ್ಟರು.

ನಮ್ಮ ಕಡೆಯವರಿಗೆ ವಜ್ರ ಹೊಸದಲ್ಲ. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ವಜ್ರ ಹುಟ್ಟುವ ಕಿಂಬರ್ಲೈಟ್ ಕಲ್ಲೇ ಇದೆ. ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನ ಊರೂರಿನಿಂದ ಬಂದು ಬಗ್ಗಿ ಹುಡುಕುವುದನ್ನು ನಾನೇ ಕಂಡಿದ್ದೇನೆ. ಹುಡುಕುವವರ ಮಡಿಲಿಗೆ ಬರುವುದು ಬಹುಪಾಲು ಬೆಣಚುಕಲ್ಲಿನ ಚೂರು. ಬೆಣಚಿನ ಅಂಕಿ 1.54. ಅದನ್ನು ನೀರಿನ ಬಟ್ಟಲಿಗೆ ಹಾಕಿದರೆ ನೀರಿನ 1.33ಕ್ಕೆ ಹತ್ತಿರವಾದದ್ದರಿಂದ ಅಂಚುಗಳು ಮಸುಕಾಗಿ ಕಲ್ಲು ಮರೆಯಾದಂತೆ ಕಾಣುತ್ತದೆ. ವಜ್ರ ನೀರಿನೊಳಗೂ ಎದ್ದು ಕಾಣುತ್ತದೆ. ಜತ್ತದ ಸಹೋದರಿಗೆ ಇದೊಂದು ಮನೆಯ ಪರೀಕ್ಷೆ. ಆದರೆ ಇದರಿಂದ ಗಾಜು, ಬೆಣಚು ಬೇರೆಯಾಗುತ್ತವೆಯೇ ಹೊರತು ಅಮೆರಿಕನ್ ಡೈಮಂಡ್ ಬೇರೆಯಾಗದು. ಅಲ್ಲದೆ ಹಿಂಬದಿ ತಗಡು ಮುಚ್ಚಿದ ಹಳೆಯ ಒಡವೆಯನ್ನು ಮಾತ್ರ ದಯವಿಟ್ಟು ನೀರಿಗೆ ಹಾಕಬೇಡಿ. ಒಳಗೆ ನೀರು ಹೊಕ್ಕರೆ ಹೊಳಪು ಹೋಗುತ್ತದೆ.

ಬಿಡಿ ಹರಳಾದರೆ ಇನ್ನೊಂದು ಪರೀಕ್ಷೆ ನಮ್ಮ ತಕ್ಕಡಿಯಲ್ಲೇ ಇದೆ. ಅಮೆರಿಕನ್ ಡೈಮಂಡ್ ವಜ್ರಕ್ಕಿಂತ ತೂಕದಲ್ಲಿ ಭಾರಿ. ಒಂದೇ ಅಳತೆಯ, ಒಂದೇ ಆಕಾರದ ಹರಳುಗಳಾದರೆ ಸುಮಾರು ಒಂದೂಮುಕ್ಕಾಲು ಪಾಲು ತೂಗುತ್ತದೆ. ಕಟ್ಟಿದ ಹರಳಿಗೆ ಇದು ನಡೆಯದು.

ಈಗ ಆ ‘ಜರ್ಕನ್’ ಎಂಬ ಮಾತಿಗೆ ಬರೋಣ. ನಮ್ಮ ಬಜಾರಿನಲ್ಲಿ ಈ ಒಂದು ಶಬ್ದ ಎರಡು ಬೇರೆ ಬೇರೆ ವಸ್ತುಗಳಿಗೆ ನಡೆಯುತ್ತದೆ. ಅಮೆರಿಕನ್ ಡೈಮಂಡ್ ಎಂದು ಮಾರುವ ಹರಳಿನ ನಿಜವಾದ ಹೆಸರು ಕ್ಯೂಬಿಕ್ ಜಿರ್ಕೋನಿಯಾ. ಅದು ಕಾರ್ಖಾನೆಯಲ್ಲಿ ತಯಾರಾಗುವುದು, ಒಡವೆಯ ಹರಳಾಗಿ ಮಾರುಕಟ್ಟೆಗೆ ಬಂದದ್ದು 1976ರ ಸುಮಾರಿಗೆ. ಜಿರ್ಕಾನ್ ಎಂಬುದು ಬೇರೆಯೇ. ಅದು ಭೂಮಿಯಲ್ಲಿ ಸಿಗುವ ಸಹಜ ಹರಳು. ಸಿಂಹಳದ ಮಾತರ ಸೀಮೆಯ ಬಿಳಿ ಜಿರ್ಕಾನ್ ‘ಮಾತರ ವಜ್ರ’ ಎಂಬ ಹೆಸರಿನಲ್ಲಿ ಬಹಳ ಹಿಂದಿನಿಂದ ವಜ್ರದ ಬದಲಿಗೆ ನಡೆದದ್ದು. ಎರಡರಲ್ಲಿಯೂ ಜಿರ್ಕೋನಿಯಂ ಎಂಬ ಲೋಹವಿರುವುದರಿಂದ ಹೆಸರು ಬೆರೆತುಹೋಗಿದೆ. ಬಳ್ಳಾರಿಯ ಅಂಗಡಿಯವರ ಮನಸ್ಸಿನಲ್ಲಿದ್ದದ್ದು ಅಮೆರಿಕನ್ ಡೈಮಂಡ್. ಅದೇ ಆಗಿದ್ದರೆ ಆ ಹರಳು 1976ರ ಈಚೆಗೆ ಸೇರಿದ್ದು ಖಂಡಿತ. ಆ ಈಚಿನ ಕಾಲದಲ್ಲಿ ಓಲೆ ಬಿಚ್ಚಿದವರು ಒಬ್ಬರೇ, ಆ ಪತ್ತಾರರು. ಭಾವನವರ ಅನುಮಾನಕ್ಕೆ ಬಲ ಇದ್ದದ್ದು ಇಲ್ಲೇ.

ರಾಯದುರ್ಗಕ್ಕೆ ಹೋದವನೇ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಹರಳನ್ನು ಓರೆಮಾಡಿ ನೋಡಿದೆ. ಮೇಲಿನ ಮುಖದಿಂದ ಒಳಗೆ ನೋಡಿದಾಗ ತಳದ ಅಂಚಿನ ಗೆರೆಗಳು ಒಂದೊಂದೂ ಎರಡೆರಡಾಗಿ ಕಂಡವು. ನನಗೇ ನಂಬಿಕೆ ಬರದೆ ಭಾವನವರ ಕೈಗೆ ಕೊಟ್ಟೆ. “ಗೆರೆ ಜೋಡಿ ಜೋಡಿ ಕಾಣ್ತಾವಲ್ಲ!” ಎಂದರು. ಪಕ್ಕದ ಹರಳುಗಳಲ್ಲಿ ಒಂದೇ ಗೆರೆ.

ಇದಕ್ಕೆ ಕಾರಣವೂ ವಾಲುಗುಣವೇ. ವಜ್ರದೊಳಗೆ ಪರಮಾಣುಗಳ ಜೋಡಣೆ ಘನಾಕಾರದ ಪದ್ಧತಿಯದು. ಯಾವ ದಿಕ್ಕಿಗೆ ಎಳೆದರೂ ಮೋಡಗಳು ಒಂದೇ ಅಳತೆಗೆ ವಾಲುತ್ತವೆ. ಕ್ಯೂಬಿಕ್ ಜಿರ್ಕೋನಿಯಾವೂ ಹೆಸರೇ ಹೇಳುವಂತೆ ಅದೇ ಪದ್ಧತಿಯದು. ಗಾಜಿನೊಳಗೆ ಪದ್ಧತಿಯೇ ಇಲ್ಲ, ಅಲ್ಲಿಯೂ ಎಲ್ಲ ದಿಕ್ಕು ಒಂದೇ. ಜಿರ್ಕಾನಿನಲ್ಲಿ ಹಾಗಲ್ಲ. ಹರಳಿನ ಉದ್ದಕ್ಕೆ ಎಳೆದರೆ ಒಂದು ಅಳತೆ, ಅಡ್ಡಕ್ಕೆ ಎಳೆದರೆ ಇನ್ನೊಂದು. ಆದ್ದರಿಂದ ಅದಕ್ಕೆ ಒಂದಲ್ಲ, ಎರಡು ಅಂಕಿ: 1.92ರ ಸುಮಾರಿನದೊಂದು, 1.98ರ ಸುಮಾರಿನದೊಂದು. ಒಳಹೊಕ್ಕ ಬೆಳಕು ಇಬ್ಭಾಗವಾಗಿ ಎರಡು ದಾರಿ ಹಿಡಿಯುತ್ತದೆ, ಒಂದು ಗೆರೆ ಎರಡಾಗಿ ಕಾಣುತ್ತದೆ. ಐಸ್‌ಲೆಂಡಿನ ಸುಣ್ಣದ ಹರಳಿನಲ್ಲಿ ಈ ಸೋಜಿಗವನ್ನು 1669ರಲ್ಲೇ ಬಾರ್ತೊಲಿನ್ ಎಂಬ ಡೆನ್ಮಾರ್ಕಿನ ಪಂಡಿತರು ವರ್ಣಿಸಿದ್ದರು.

ಗೆರೆ ಜೋಡಿಯಾಗಿ ಕಂಡದ್ದರಿಂದ ಅಮೆರಿಕನ್ ಡೈಮಂಡ್ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಗಾಜೂ ಅಲ್ಲ. ಮೊಯ್ಸನೈಟಿನಲ್ಲಿಯೂ ಗೆರೆ ಜೋಡಿ ಕಾಣುತ್ತದೆ, ಆದರೆ ಅದಾಗಿದ್ದರೆ ಪೆನ್ನಿನ ಯಂತ್ರ ಕೂಗಬೇಕಿತ್ತು. ಅಲ್ಲದೆ ಓಲೆ ರಿಪೇರಿಯಾದ 1996ರಲ್ಲಿ ಅದು ಮಾರುಕಟ್ಟೆಯಲ್ಲೇ ಇರಲಿಲ್ಲ. ಉಳಿದದ್ದು ಜಿರ್ಕಾನ್. ಆದರೂ ನನ್ನ ಕಣ್ಣಿನ ಮಾತಿನ ಮೇಲೆ ಒಬ್ಬರನ್ನು ಬಿಡುಗಡೆ ಮಾಡುವುದೂ ತಪ್ಪೇ, ಹಿಡಿಯುವುದೂ ತಪ್ಪೇ. ಬೆಂಗಳೂರಿನ ಒಂದು ರತ್ನಪರೀಕ್ಷೆಯ ಪ್ರಯೋಗಾಲಯಕ್ಕೆ ಒಯ್ಯೋಣ ಎಂದೆ. ಭಾವನವರು ಖರ್ಚಿನ ಮಾತೆತ್ತಿದರು. ಅಕ್ಕ ತನ್ನ ಹಣವನ್ನೇ ಕೊಟ್ಟಳು.

ಅಲ್ಲಿ ನಡೆದದ್ದು ರಾಮನ್ ಪರೀಕ್ಷೆ. ಶಾಲೆಯಲ್ಲಿ ಎಲ್ಲರೂ ಕಂಠಪಾಠ ಮಾಡಿದ ಹೆಸರು. ಅದು ಏನೆಂದು ಹೇಳುವವರು ಮಾತ್ರ ಕಡಿಮೆ. ಸರ್ ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಬಣ್ಣ ಕಂಡು, ಅದು ಆಕಾಶದ ಬರೀ ಪ್ರತಿಬಿಂಬವೆಂಬ ಆಗಿನ ವಿವರಣೆಯನ್ನು ಒಪ್ಪಲಿಲ್ಲ. ನೀರೇ ಬೆಳಕನ್ನು ಚೆದುರಿಸುತ್ತದೆ ಎಂದು ತೋರಿಸಹೊರಟರು. ಆ ಕೆಲಸ ಬೆಳೆದು 1928ರ ಫೆಬ್ರವರಿ 28ರಂದು, ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಅವರ ಜೊತೆ ಮಾಡಿದ ಪ್ರಯೋಗದಲ್ಲಿ, ಚೆದುರಿದ ಬೆಳಕಿನಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆಂದು ಕಂಡುಬಂತು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಬಣ್ಣ ಏಕೆ ಬದಲಾಗುತ್ತದೆ? ಹರಳಿನೊಳಗೆ ಪರಮಾಣುಗಳು ಸುಮ್ಮನೆ ಕೂತಿಲ್ಲ, ಒಂದರಿಂದೊಂದು ದೂರ ಸರಿಯುತ್ತ ಹತ್ತಿರ ಬರುತ್ತ ನಡುಗುತ್ತಿರುತ್ತವೆ. ದೂರ ಸರಿದಾಗ ಮೋಡದ ವಾಲುಗುಣ ಒಂದಿಷ್ಟು, ಹತ್ತಿರ ಬಂದಾಗ ಇನ್ನೊಂದಿಷ್ಟು. ಹತ್ತಿಯ ಚೀಲದ ಬಾಯಿಯನ್ನು ಒಬ್ಬ ಬಿಗಿಯುತ್ತ ಸಡಿಲಿಸುತ್ತ ಇದ್ದರೆ ಇನ್ನೊಬ್ಬನ ಕೈಗೆ ಅದು ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ ಹತ್ತುವುದಿಲ್ಲವೆ, ಹಾಗೆ. ಹಿಂದಿರುಗುವ ಬೆಳಕಿನ ಮೇಲೆ ಆ ನಡುಕದ ಲಯ ಅಚ್ಚೊತ್ತಿರುತ್ತದೆ. ನಡುಗುವಾಗ ವಾಲುಗುಣ ಬದಲಾಗದಿದ್ದರೆ ರಾಮನ್ ಗೆರೆಯೇ ಇಲ್ಲ. ಈ ಲೆಕ್ಕವನ್ನು ವಿಸ್ತಾರವಾಗಿ ಕಟ್ಟಿದವರು 1930ರ ದಶಕದಲ್ಲಿ ಗಿಯೋರ್ಗ್ ಪ್ಲಾಚೆಕ್. ಇಂಗಾಲ ಇಂಗಾಲದ ಬಿಗಿಯಾದ ಜೋಡಣೆಯಿಂದಾಗಿ ವಜ್ರದ ಗೆರೆ ಒಂದೇ, ಚೂಪಾದದ್ದು, 1332 ಎಂಬ ಅಂಕಿಯ ಹತ್ತಿರ ನಿಲ್ಲುತ್ತದೆ. ಬೆಳಕಿನ ಅಲೆಗಳು ಒಂದು ಸೆಂಟಿಮೀಟರಿಗೆ ಎಷ್ಟು ಕಡಿಮೆಯಾದವು ಎಂಬ ಲೆಕ್ಕ ಅದು. ವಜ್ರದ ಈ ಗೆರೆಯನ್ನು 1930ರಷ್ಟು ಹಿಂದೆಯೇ ಸಿ. ರಾಮಸ್ವಾಮಿ ಎಂಬವರು ವರದಿ ಮಾಡಿದ್ದರು. ರಾಮನ್ ಅವರಿಗೂ ವಜ್ರವೆಂದರೆ ಬಿಡಲಾರದ ಮೋಹ. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಎಷ್ಟೋ ವರ್ಷ ವಜ್ರಗಳ ಮೇಲೆ ಕೆಲಸ ಮಾಡಿದರು. ಅವರು 1948ರಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಅವರ ಹರಳುಗಳ ಸಂಗ್ರಹವಿದೆ.

ಆಗ ಫೋಟೋ ತಟ್ಟೆಯ ಮೇಲೆ ಗೆರೆ ಮೂಡಲು ತಾಸುಗಟ್ಟಲೆ ಕಾಯಬೇಕಿತ್ತು. ಈಗ ಲೇಸರ್ ಬಂದು ಕೆಲವು ಸೆಕೆಂಡುಗಳ ಕೆಲಸವಾಗಿದೆ. ಹರಳನ್ನು ಕಟ್ಟಿನಿಂದ ಬಿಚ್ಚಬೇಕಾಗಿಲ್ಲ. ನಮ್ಮ ಓಲೆಯನ್ನು ಮೇಜಿನ ಮೇಲಿಟ್ಟು ಒಂದೊಂದು ಹರಳಿಗೂ ಬೆಳಕು ಬಿಟ್ಟರು. ಹದಿಮೂರಕ್ಕೆ 1332. ಆ ಒಂದಕ್ಕೆ ಅಲ್ಲಿ ಏನೂ ಇಲ್ಲ, ಬದಲಿಗೆ 1008ರ ಸುಮಾರಿಗೆ ಎತ್ತರದ ಗೆರೆ. ಜಿರ್ಕಾನಿನ ಗುರುತು ಅದು. ಪರೀಕ್ಷೆ ಮಾಡಿದ ಹುಡುಗಿ ಇನ್ನೊಂದನ್ನೂ ತೋರಿಸಿದಳು: ಹರಳಿನ ಮೇಲಿನ ಅಂಚುಗಳೆಲ್ಲ ಸವೆದು ಚೂರು ಚೂರು ಎದ್ದಿದ್ದವು. ಜಿರ್ಕಾನ್ ಬೇಗ ಸವೆಯುವ ಹರಳು. “ಬಹಳ ವರ್ಷ ತೊಟ್ಟದ್ದು ಸರ್ ಇದು” ಎಂದಳು.

ವ್ಯಾಪಾರಸ್ಥರಿಗೆ ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಈಗ ಎಲ್ಲೆಲ್ಲೂ ಬಂದಿರುವ ಲ್ಯಾಬ್ ವಜ್ರಕ್ಕೂ ರಾಮನ್ ಪರೀಕ್ಷೆ 1332 ಎಂದೇ ಹೇಳುತ್ತದೆ. ಪೆನ್ನಿನ ಯಂತ್ರವೂ ಕೂಗುತ್ತದೆ. ಅದು ನಕಲಿಯಲ್ಲ, ಇಂಗಾಲವೇ, ಜೋಡಣೆಯೂ ಅದೇ, ವಾಲುಗುಣವೂ ಅದೇ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಮೊದಲು ಮಾಡಿ ತೋರಿಸಿದ ಅಂಥ ವಜ್ರಕ್ಕೂ ಗಣಿಯ ವಜ್ರಕ್ಕೂ ಇರುವ ಭೇದ ಹರಳಿನೊಳಗೆ ಸಿಕ್ಕಿಕೊಂಡ ಸಾರಜನಕದ ಕಣಗಳು ಗುಂಪುಗೂಡಿದ ಬಗೆಯಲ್ಲಿ, ಹರಳು ಬೆಳೆದ ಪದರಗಳ ಗುರುತಿನಲ್ಲಿ ಇರುತ್ತದೆ. ಅದಕ್ಕೆ ಬೇರೆ ಯಂತ್ರ ಬೇಕು. ಬೆಲೆಯಲ್ಲಿ ಅಜಗಜಾಂತರ ಇರುವುದರಿಂದ, ಕೊಳ್ಳುವವರು ಬಿಲ್ಲಿನಲ್ಲಿ ಗಣಿಯದೋ ಲ್ಯಾಬಿನದೋ ಎಂದು ಬರೆಸಿಕೊಳ್ಳಿ. ಮಾರುವವರು ಕೇಳುವ ಮೊದಲೇ ಬರೆದುಕೊಡಿ.

ರಾಯದುರ್ಗಕ್ಕೆ ಹಿಂದಿರುಗಿ ವರದಿಯನ್ನು ಭಾವನವರ ಮುಂದಿಟ್ಟೆ. ಅವರು ವ್ಯಾಪಾರದ ತಲೆಯವರು, ಸುಲಭಕ್ಕೆ ಬಿಡಲಿಲ್ಲ. “ಜಿರ್ಕಾನನ್ನೇ ಆವಾಗ ಹಾಕಿರಬಹುದಲ್ಲ?” ಎಂದರು. ಹಾಕಿರಬಹುದು, ವಾಲುಗುಣ ತಾರೀಖು ಹೇಳುವುದಿಲ್ಲ. ಆದರೆ 1996ರಲ್ಲಿ ಕದಿಯುವವನು ಅಗ್ಗದಲ್ಲಿ ಬೇಕಾದಷ್ಟು ಸಿಗುತ್ತಿದ್ದ, ಹೆಚ್ಚು ಹೊಳೆಯುವ ಅಮೆರಿಕನ್ ಡೈಮಂಡ್ ಬಿಟ್ಟು, ಅಂಚು ಸವೆದ ಹಳೆಯ ಮಾತರ ಹರಳನ್ನು ಹುಡುಕಿ ತಂದು ಕೂರಿಸುತ್ತಾನೆಯೆ? ಇಷ್ಟು ಸವೆತ ಆಮೇಲಿನದಿರಲಾರದು, ಅತ್ತೆಯವರು ರಿಪೇರಿಯ ನಂತರ ಆ ಓಲೆಯನ್ನು ಹಬ್ಬಕ್ಕೊಮ್ಮೆ ಮಾತ್ರ ಇಟ್ಟುಕೊಂಡದ್ದು ಮನೆಯವರಿಗೆಲ್ಲ ಗೊತ್ತು. ಭಾವನವರು ಹಳೆಯ ಕಿರ್ದಿ ಪುಸ್ತಕಗಳ ಪೆಟ್ಟಿಗೆ ತೆಗೆಸಿದರು. 1941ರದು ಗೆದ್ದಲು ಹಿಡಿದು ಪುಡಿಯಾಗಿತ್ತು. ಅವರು ಮತ್ತೆ ಮಾತಾಡಲಿಲ್ಲ. ಹಿರಿಯರನ್ನು ಕೂಡಿಸುವ ಮಾತೂ ಅಲ್ಲಿಗೇ ನಿಂತಿತು.

ಆ ದೀಪಾವಳಿಗೆ ಮೊದಲು ಬಲಗಿವಿಯ ಓಲೆಯ ತಿರುಪು ಸಡಿಲವಾಗಿದೆಯೆಂದು ಅಕ್ಕ ಪತ್ತಾರರ ಮನೆಗೇ ಹೋದಳು. ಮಗ ಕೈಗೆ ತೆಗೆದುಕೊಳ್ಳುವ ಮೊದಲೇ ಒಳಗಿದ್ದ ಮುದುಕರು ಕೈ ಚಾಚಿದರಂತೆ. ಎಡಗಿವಿಯದನ್ನು ಬೆಳಕಿಗೆ ಹಿಡಿದು ಆ ಹರಳನ್ನು ಉಗುರಿನಿಂದ ತೋರಿಸಿ, “ಇದು ನಾನು ಬಿಚ್ಚಿದಾಗಲೇ ಹೀಗಿತ್ತು ತಾಯಿ. ನಿಮ್ಮ ಅತ್ತೆಯವರಿಗೆ ಹೇಳಿದ್ದೆ. ‘ಗೊತ್ತು ಪತ್ತಾರಪ್ಪ. ನಮ್ಮಪ್ಪನ ಹತ್ತಿರ ಅಷ್ಟಕ್ಕೇ ಹಣ ಇದ್ದದ್ದು. ಯಾರಿಗೂ ಹೇಳಬೇಡ, ಹಾಗೇ ಕೂರಿಸು’ ಅಂದಿದ್ದರು. ಇನ್ನು ಅವರೇ ಇಲ್ಲ, ಹೇಳಿದರೇನು ತಪ್ಪು” ಎಂದರಂತೆ. ಬಳ್ಳಾರಿಯ ಅಂಗಡಿ, ಬೆಂಗಳೂರಿನ ಪರೀಕ್ಷೆ ಯಾವುದನ್ನೂ ಅಕ್ಕ ಅವರ ಮುಂದೆ ಹೇಳಿರಲಿಲ್ಲ. ಹೇಳಲೂ ಇಲ್ಲ.

ಅಂಗಡಿಯ ಸಾಲಕ್ಕೆ ಹದಿಮೂರು ವಜ್ರವೂ ಚಿನ್ನವೂ ಹೋದವು. ಆ ಜಿರ್ಕಾನನ್ನು ಅಕ್ಕ ಮಾರಲಿಲ್ಲ. ಅದೇ ಪತ್ತಾರರ ಮಗನ ಕೈಯಲ್ಲಿ ಒಂದು ಮೂಗುಬೊಟ್ಟಿಗೆ ಕೂರಿಸಿಕೊಂಡು ಇಟ್ಟುಕೊಂಡಿದ್ದಾಳೆ.